ಜಾಹೀರಾತು ಇಲ್ಲದಿದ್ದರೂ ಅವರು ಬರುತ್ತಿದ್ದರೇ?

ಎಲ್ಲರಿಗೂ ನಮಸ್ಕಾರ.

ಆನ್‌ಲೈನ್ ಮಾರ್ಕೆಟಿಂಗ್‌ನಲ್ಲಿ ಈಗ ಏನೇನು ಬದಲಾಗುತ್ತಿದೆ ಎಂದು ಹೇಳಲು ಕರೆದಿದ್ದೀರಿ. ಆರು ವಿಷಯ ಗುರುತು ಹಾಕಿಕೊಂಡು ಬಂದಿದ್ದೇನೆ: ಅಳತೆ, ಇಮೇಲ್, ಹುಡುಕಾಟ, ಕಿರು ವಿಡಿಯೊ, ಸೈಟಿನ ವೇಗ, ಗ್ರಾಹಕರ ವಿಮರ್ಶೆ. ಮೊದಲನೆಯದಕ್ಕೇ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ಅಳತೆ ತಪ್ಪಿದ್ದರೆ ಉಳಿದ ಐದರಲ್ಲಿ ಎಷ್ಟು ದುಡಿದರೂ ಫಲ ಬಂತೋ ಇಲ್ಲವೋ ತಿಳಿಯುವುದಿಲ್ಲ.

1994ರ ಅಕ್ಟೋಬರ್ 27ರಂದು ಹಾಟ್‌ವೈರ್ಡ್ ಸೈಟಿನಲ್ಲಿ ಬ್ಯಾನರ್ ಜಾಹೀರಾತುಗಳು ಕಾಣಿಸಿಕೊಂಡವು. 468 ಪಿಕ್ಸೆಲ್ ಅಗಲ, 60 ಪಿಕ್ಸೆಲ್ ಎತ್ತರದ ಪಟ್ಟಿ. ಪತ್ರಿಕೆಯ ಜಾಹೀರಾತನ್ನು ಎಷ್ಟು ಜನ ನೋಡಿದರೆಂದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ; ಇಲ್ಲಿ ಕ್ಲಿಕ್ ಎಣಿಸಬಹುದಿತ್ತು. ಆಗಿನಿಂದ ಈ ವೃತ್ತಿಗೆ ಒಂದು ಚಾಳಿ ಅಂಟಿಕೊಂಡಿದೆ. ಯಾವುದನ್ನು ಎಣಿಸುವುದು ಸುಲಭವೋ ಅದನ್ನೇ ಫಲಿತಾಂಶ ಎಂದು ಕರೆಯುವುದು. ಕ್ಲಿಕ್ ಬಂತು, ಆರ್ಡರ್ ಬಂತು, ಆದ್ದರಿಂದ ಜಾಹೀರಾತು ಕೆಲಸ ಮಾಡಿತು. ನಾನು ಕೇಳುವುದು ಒಂದೇ ಪ್ರಶ್ನೆ, ಇವತ್ತು ಮತ್ತೆ ಮತ್ತೆ ಕೇಳುತ್ತೇನೆ: ಜಾಹೀರಾತು ಇಲ್ಲದಿದ್ದರೆ ಏನಾಗುತ್ತಿತ್ತು?

ಇದಕ್ಕೆ ಆನ್‌ಲೈನ್ ಮಾರುಕಟ್ಟೆ ನಡೆಸುವ ಇಬೇ ಕಂಪನಿಯ ಪ್ರಯೋಗವನ್ನು ವಿವರವಾಗಿ ಹೇಳಲೇಬೇಕು. ಥಾಮಸ್ ಬ್ಲೇಕ್, ಕ್ರಿಸ್ ನೋಸ್ಕೊ, ಸ್ಟೀವನ್ ಟಡೆಲಿಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಲ್ಲಿನ ಹುಡುಕಾಟದ ಜಾಹೀರಾತುಗಳನ್ನು ಪರೀಕ್ಷೆಗೆ ಒಡ್ಡಿದರು. ಹುಡುಕುವ ಪೆಟ್ಟಿಗೆಯಲ್ಲಿ ಯಾರಾದರೂ ‘ಇಬೇ ಶೂ’ ಎಂದು ಬರೆದರೆ ಮೇಲೆ ಇಬೇಯ ಜಾಹೀರಾತು, ಅದರ ಕೆಳಗೇ ಇಬೇಯ ಸಹಜ ಲಿಂಕ್. ಎರಡೂ ಹೋಗುವುದು ಒಂದೇ ಕಡೆಗೆ. ಮೇಲಿನದಕ್ಕೆ ದುಡ್ಡು, ಕೆಳಗಿನದು ಪುಕ್ಕಟೆ. 2012ರ ಮಾರ್ಚ್‌ನಲ್ಲಿ ಅವರು ತಮ್ಮ ಹೆಸರಿನ ಮೇಲಿನ ಜಾಹೀರಾತನ್ನು ಯಾಹೂ ಮತ್ತು ಮೈಕ್ರೊಸಾಫ್ಟ್ ಹುಡುಕಾಟದಲ್ಲಿ ನಿಲ್ಲಿಸಿ, ಹೋಲಿಕೆಗಾಗಿ ಗೂಗಲ್‌ನಲ್ಲಿ ಮುಂದುವರಿಸಿದರು. ಜಾಹೀರಾತಿನಿಂದ ಬರುತ್ತಿದ್ದ ಕ್ಲಿಕ್ ಸಹಜವಾಗಿಯೇ ಶೂನ್ಯಕ್ಕೆ ಬಿತ್ತು. ಅದರಲ್ಲಿ 99.5 ಶೇಕಡಾ ಕೂಡಲೇ ಕೆಳಗಿನ ಪುಕ್ಕಟೆ ಲಿಂಕಿನಿಂದ ಬಂತು! ಇಬೇ ಎಂದು ಹೆಸರು ಬರೆದು ಹುಡುಕುವವರು ಇಬೇಗೆ ಹೋಗಲೆಂದೇ ಹೊರಟವರು.

ಮದುವೆ ಮಂಟಪದ ಬಾಗಿಲಲ್ಲಿ ನಿಂತು, ಒಳಗೆ ಬರುತ್ತಿರುವವರ ಕೈಗೆಲ್ಲ ಆಮಂತ್ರಣ ಪತ್ರಿಕೆ ಕೊಟ್ಟು, ಸಂಜೆ ‘ಇಷ್ಟೂ ಜನ ನನ್ನ ಕರೆಗೇ ಬಂದರು’ ಎಂದು ಲೆಕ್ಕ ಒಪ್ಪಿಸುವವನಿಗೆ ಕೂಲಿ ಕೊಟ್ಟ ಹಾಗೆ ಇದು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಹೆಸರಿನ ಜಾಹೀರಾತು ಬಿಡಿ, ‘ಗಿಟಾರ್’, ‘ಕ್ಯಾಮೆರಾ’ದಂಥ ಸಾಮಾನ್ಯ ಪದಗಳ ಮೇಲೆ ಹಾಕಿದ್ದು ಫಲ ಕೊಡುತ್ತಿರಬೇಕಲ್ಲ? ಅಮೆರಿಕದ ಒಂದಷ್ಟು ಪ್ರದೇಶಗಳಲ್ಲಿ ಗೂಗಲ್‌ನ ಅಂಥ ಜಾಹೀರಾತನ್ನೂ ಸುಮಾರು ಎರಡು ತಿಂಗಳು ನಿಲ್ಲಿಸಿದರು, ಉಳಿದೆಡೆ ಓಡುತ್ತಿತ್ತು. ಒಟ್ಟು ಮಾರಾಟದಲ್ಲಿ ಕಂಡ ವ್ಯತ್ಯಾಸ ಸೊನ್ನೆಯಿಂದ ಬೇರ್ಪಡಿಸಿ ಹೇಳಲಾಗದಷ್ಟು ಚಿಕ್ಕದು. ಒಳಹೊಕ್ಕು ನೋಡಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಹೊಸಬರು ಮತ್ತು ಅಪರೂಪಕ್ಕೆ ಕೊಳ್ಳುವವರ ಮೇಲೆ ಜಾಹೀರಾತಿನ ಪರಿಣಾಮ ನಿಜವಾಗಿಯೂ ಇತ್ತು. ಪದೇ ಪದೇ ಕೊಳ್ಳುವವರ ಮೇಲೆ ಇರಲಿಲ್ಲ, ಆದರೆ ಖರ್ಚಿನ ಬಹುಪಾಲು ಹೋಗುತ್ತಿದ್ದುದು ಅವರ ಕ್ಲಿಕ್‌ಗಳಿಗೇ. 2015ರಲ್ಲಿ ಇದು ಎಕನಾಮೆಟ್ರಿಕಾ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇದನ್ನು ಕೇಳಿ ನಾಳೆಯೇ ಎಲ್ಲ ಜಾಹೀರಾತು ನಿಲ್ಲಿಸಿಬಿಡಬೇಡಿ, ದಯವಿಟ್ಟು. ಇಬೇ ಎಲ್ಲರಿಗೂ ಗೊತ್ತಿದ್ದ ಹೆಸರು. ನಿಮ್ಮ ಹೆಸರಿನ ಮೇಲೆ ಪ್ರತಿಸ್ಪರ್ಧಿ ಜಾಹೀರಾತು ಹಾಕುತ್ತಿದ್ದರೆ, ನಿಮ್ಮ ಸಹಜ ಲಿಂಕ್ ಮೊದಲ ಸ್ಥಾನದಲ್ಲಿ ಇಲ್ಲದಿದ್ದರೆ, ಉತ್ತರ ಬೇರೆಯೇ ಬರಬಹುದು. ಅವರ ಉತ್ತರ ನಿಮಗೆ ಬೇಡ. ಅವರ ವಿಧಾನ ಬೇಕು.

ವಿಧಾನ ಹೀಗೆ. ನೀವು ಮಾರುವ ಪ್ರದೇಶಗಳ ಹಿಂದಿನ ಹನ್ನೆರಡು ವಾರಗಳ ಮಾರಾಟ ತೆಗೆಯಿರಿ. ಏರಿಳಿತ ಒಂದೇ ರೀತಿ ಇರುವ ಎರಡು ಗುಂಪು ಮಾಡಿ. ಯಾವ ಗುಂಪಿನಲ್ಲಿ ನಿಲ್ಲಿಸಬೇಕು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ‘ಅಲ್ಲಿ ಹೇಗೂ ವ್ಯಾಪಾರ ಕಡಿಮೆ, ಅಲ್ಲೇ ನಿಲ್ಲಿಸೋಣ’ ಎಂದರೆ ಪ್ರಯೋಗ ಆಗಲೇ ಕೆಟ್ಟಿತು. ನಾಲ್ಕು ವಾರ ಬಿಡಿ. ಆ ಅವಧಿಯಲ್ಲಿ ಬೆಲೆ, ರಿಯಾಯಿತಿ ಯಾವುದನ್ನೂ ಒಂದೇ ಗುಂಪಿಗೆ ಬದಲಿಸಬೇಡಿ. ಕೊನೆಗೆ ಆರ್ಡರ್ ಪುಸ್ತಕ ನೋಡಿ, ಜಾಹೀರಾತು ವೇದಿಕೆ ತೋರಿಸುವ ವರದಿಯ ಡ್ಯಾಶ್‌ಬೋರ್ಡ್ ಅಲ್ಲ. ಜಾಹೀರಾತು ಇದ್ದ ಕಡೆ 1000 ಆರ್ಡರ್, ಇಲ್ಲದ ಕಡೆ 940 ಬಂದಿವೆ ಎನ್ನೋಣ. ಡ್ಯಾಶ್‌ಬೋರ್ಡ್ ಮಾತ್ರ 400 ಆರ್ಡರ್ ತನ್ನದೆನ್ನುತ್ತದೆ. ಖರ್ಚನ್ನು ಭಾಗಿಸಬೇಕಾದ್ದು 60ರಿಂದ, 400ರಿಂದ ಅಲ್ಲ. ಜಾಹೀರಾತಿನಿಂದ ಬಂದ ಒಂದು ಆರ್ಡರ್‌ಗೆ ತಗಲಿದ ವೆಚ್ಚ ವರದಿ ಹೇಳಿದ್ದಕ್ಕಿಂತ ಆರೂವರೆ ಪಟ್ಟಿಗೂ ಹೆಚ್ಚು.

ಎಲ್ಲಿ ಎಡವುತ್ತಾರೆ? ಅವಧಿಯಲ್ಲಿ. ಏನೂ ಮಾಡದೆಯೇ ವಾರದಿಂದ ವಾರಕ್ಕೆ ಮಾರಾಟ ಶೇಕಡಾ 10ರಷ್ಟು ಏರಿಳಿಯುತ್ತಿದ್ದರೆ, ಶೇಕಡಾ 5ರ ಪರಿಣಾಮ ಒಂದು ವಾರದಲ್ಲಿ ಕಾಣುವುದಿಲ್ಲ. ಮೂರನೇ ದಿನ ಮಾಲೀಕರಿಗೆ ಗಾಬರಿ, ನಾಲ್ಕನೇ ದಿನ ಜಾಹೀರಾತು ಮತ್ತೆ ಶುರು. ಹೀಗೆ ಅರ್ಧಕ್ಕೆ ನಿಲ್ಲಿಸಿದ ಪ್ರಯೋಗದಿಂದ ನಷ್ಟವಷ್ಟೇ ಉಳಿಯುತ್ತದೆ, ತಿಳಿವಳಿಕೆ ಬರುವುದಿಲ್ಲ. ಪ್ರದೇಶ ವಿಂಗಡಿಸುವಷ್ಟು ದೊಡ್ಡ ವ್ಯಾಪಾರ ಅಲ್ಲವೇ? ಎರಡು ವಾರ ಹಾಕಿ, ಎರಡು ವಾರ ನಿಲ್ಲಿಸಿ, ಮೂರು ನಾಲ್ಕು ಸುತ್ತು ಮಾಡಿ. ಒರಟು ಅಳತೆಯೇ, ಆದರೂ ಕ್ಲಿಕ್ ಎಣಿಕೆಗಿಂತ ಪ್ರಾಮಾಣಿಕ.

ಈ ಮಾತು ಈಗ ಇಷ್ಟು ತುರ್ತಾಗಲು ಕಾರಣವಿದೆ. ಹಳೆಯ ಎಣಿಕೆಯೇ ಮುರಿದುಬಿದ್ದಿದೆ. 2020ರ ಮಾರ್ಚ್‌ನಿಂದ ಆ್ಯಪಲ್‌ನ ಬ್ರೌಸರ್ ಸಫಾರಿ ಮೂರನೇ ವ್ಯಕ್ತಿಯ ಕುಕಿಗಳನ್ನು, ಅಂದರೆ ತೆರೆದ ಸೈಟಿನವರಲ್ಲದೆ ಬೇರೆಯವರು ಬ್ರೌಸರ್‌ನಲ್ಲಿ ಇಡುವ ಗುರುತಿನ ಚೂರುಗಳನ್ನು, ಪೂರ್ತಿ ತಡೆಯುತ್ತಿದೆ. ನಿಮ್ಮದೇ ಸೈಟು ಸ್ಕ್ರಿಪ್ಟ್ ಮೂಲಕ ಇಟ್ಟ ಕುಕಿಗೂ ಅಲ್ಲಿ ಏಳೇ ದಿನ ಆಯಸ್ಸು. ಹತ್ತನೇ ದಿನ ಮರಳಿದ ಹಳೆಯ ಗ್ರಾಹಕ ನಿಮ್ಮ ವರದಿಯಲ್ಲಿ ‘ಹೊಸ ಬಳಕೆದಾರ’. 2021ರ ಏಪ್ರಿಲ್‌ನಲ್ಲಿ ಐಫೋನ್‌ನ ತಂತ್ರಾಂಶ ಐಒಎಸ್ 14.5 ಬಂತು, ಜಾಡು ಹಿಡಿಯಲು ಆ್ಯಪ್‌ಗಳು ಅನುಮತಿ ಕೇಳಲೇಬೇಕಾಯಿತು. ಇದರಿಂದ 2022ರ ಆದಾಯಕ್ಕೆ ಸುಮಾರು 1000 ಕೋಟಿ ಡಾಲರ್ ಹೊಡೆತ ಎಂದು ಫೇಸ್‌ಬುಕ್‌ನ ಒಡೆಯ ಮೆಟಾ ಕಂಪನಿಯೇ ಅಂದಾಜಿಸಿತು. ತನ್ನ ಬ್ರೌಸರ್ ಕ್ರೋಮ್‌ನಲ್ಲಿ ಮೂರನೇ ವ್ಯಕ್ತಿಯ ಕುಕಿ ತೆಗೆಯುತ್ತೇವೆಂದು 2020ರ ಜನವರಿಯಲ್ಲಿ ಹೇಳಿದ ಗೂಗಲ್, ಮುಂದೂಡುತ್ತಾ ಬಂದು 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಇದನ್ನು ಕೇಳಿ ನಿರಾಳರಾದವರು ಇಲ್ಲೂ ಇದ್ದೀರಿ. ನಿರಾಳರಾಗಬೇಡಿ. ಎಣಿಕೆಯ ರಂಧ್ರಗಳನ್ನು ಜಾಹೀರಾತು ವೇದಿಕೆಗಳು ಈಗ ಅಂದಾಜಿನಿಂದ ತುಂಬುತ್ತಿವೆ, ಆ ಅಂದಾಜು ನಿಮ್ಮ ವರದಿಯಲ್ಲಿ ನಿಜವಾದ ಆರ್ಡರ್‌ಗಳ ಜೊತೆ ಬೆರೆತು ಒಂದೇ ಅಂಕಿಯಾಗಿ ಕೂರುತ್ತದೆ.

ಮನೆಗೆ ಹೋಗಿ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಕಳೆದ ತಿಂಗಳು ಪ್ರತಿ ವೇದಿಕೆಯೂ ತನ್ನದೆಂದು ಹೇಳಿಕೊಂಡ ಆರ್ಡರ್‌ಗಳನ್ನು ಕೂಡಿಸಿ, ನಿಜವಾಗಿ ಬಂದ ಆರ್ಡರ್ ಜೊತೆ ಹೋಲಿಸಿ. ಎರಡು ಮೂರು ಕಡೆ ಜಾಹೀರಾತು ಕೊಡುವವರಲ್ಲಿ ಕೂಡಿಸಿದ ಮೊತ್ತ ಬಂದ ಆರ್ಡರ್‌ಗಳನ್ನೂ ಮೀರುವುದುಂಟು, ಏಕೆಂದರೆ ಒಂದೇ ಆರ್ಡರ್‌ಗೆ ಎಲ್ಲರೂ ಹಕ್ಕುದಾರರು. ಆರ್ಡರನ್ನು ತನ್ನದೆಂದು ಎಣಿಸುವ ಅವಧಿ ಮೆಟಾದಲ್ಲಿ ಸಾಮಾನ್ಯವಾಗಿ ಕ್ಲಿಕ್ ಆದ ಮೇಲೆ ಏಳು ದಿನ, ಬರೀ ನೋಡಿದ ಮೇಲೆ ಒಂದು ದಿನ. ನಿನ್ನೆ ಜಾಹೀರಾತು ಕಣ್ಣಮುಂದೆ ಹಾದುಹೋಯಿತು, ಇವತ್ತು ಕೊಂಡರು, ಅದು ಅವರ ಖಾತೆಗೆ. ಜಾಹೀರಾತು ಇಲ್ಲದಿದ್ದರೆ ಏನಾಗುತ್ತಿತ್ತು?

ಇನ್ನೆರಡು ದುರಸ್ತಿ. ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ 4ರಲ್ಲಿ ವಿವರವಾದ ದತ್ತಾಂಶ ಇಟ್ಟುಕೊಳ್ಳುವ ಅವಧಿ ತಾನಾಗಿಯೇ ಎರಡು ತಿಂಗಳಿಗೆ ಹೊಂದಿಸಿರುತ್ತದೆ. ಅದನ್ನು 14 ತಿಂಗಳಿಗೆ ಬದಲಿಸಿ, ಇಲ್ಲದಿದ್ದರೆ ಕಳೆದ ವರ್ಷದ ಹೋಲಿಕೆಯನ್ನು ಆಳವಾಗಿ ಮಾಡಲಾಗುವುದಿಲ್ಲ. ಬದಲಾವಣೆ ಹಿಂದಿನದನ್ನು ಮರಳಿ ತರುವುದಿಲ್ಲ, ಆದ್ದರಿಂದ ಇವತ್ತೇ. ಎರಡನೆಯದು ಯುಟಿಎಂ, ಅಂದರೆ ಯಾರು ಎಲ್ಲಿಂದ ಬಂದರೆಂದು ತಿಳಿಯಲು ಲಿಂಕ್‌ನ ಕೊನೆಗೆ ಅಂಟಿಸುವ ಗುರುತು. ಅಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ. ಒಬ್ಬರು ಹಾಗೆ ಒಬ್ಬರು ಹೀಗೆ ಬರೆದರೆ ಒಂದೇ ಮೂಲ ಎರಡು ಸಾಲಾಗುತ್ತದೆ. ನಿಮ್ಮ ಸೈಟಿನ ಒಳಗಿನ ಲಿಂಕ್‌ಗಳಿಗೆ ಯುಟಿಎಂ ಅಂಟಿಸಲೇಬೇಡಿ, ಗ್ರಾಹಕ ಮೊದಲು ಎಲ್ಲಿಂದ ಬಂದ ಎಂಬ ಗುರುತು ಅಳಿಸಿಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಒಬ್ಬರಿಗೊಬ್ಬರು ಕಳಿಸಿದ ಲಿಂಕ್ ವರದಿಯಲ್ಲಿ ಹೆಚ್ಚಾಗಿ ‘ಡೈರೆಕ್ಟ್’ (ನೇರವಾಗಿ ಬಂದವರು) ಎಂದೇ ಬೀಳುತ್ತದೆ. ಅದಕ್ಕೇ ಆರ್ಡರ್ ಮುಗಿದ ಪುಟದಲ್ಲಿ ‘ನಮ್ಮ ಬಗ್ಗೆ ಎಲ್ಲಿ ತಿಳಿಯಿತು?’ ಎಂದು ಕೇಳಿ, ಉತ್ತರಕ್ಕೆ ಖಾಲಿ ಜಾಗ ಬಿಡಿ. ಪಟ್ಟಿ ಕೊಟ್ಟರೆ ಮೊದಲಿರುವುದನ್ನು ಒತ್ತಿ ಹೋಗುವವರೇ ಬಹಳ.

ಗಡಿಯಾರ ನೋಡಿದೆ, ಅರ್ಧಕ್ಕಿಂತ ಹೆಚ್ಚು ಹೊತ್ತು ಒಂದೇ ವಿಷಯಕ್ಕೆ ಹೋಯಿತು. ಹೋಗಲಿ, ಹೋಗಬೇಕಾದ್ದೇ.

ಇಮೇಲ್. ಸತ್ತುಹೋಯಿತು ಎಂದವರೇ ಈಗ ಅದರ ಕಡೆ ತಿರುಗಿದ್ದಾರೆ, ವಿಳಾಸದ ಪಟ್ಟಿ ಯಾವ ವೇದಿಕೆಯ ಅಲ್ಗಾರಿದಂಗೂ ಕಾಯುವುದಿಲ್ಲವಲ್ಲ. ಆದರೆ 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿಗೊಳಿಸಿವೆ. ದಿನಕ್ಕೆ 5000ಕ್ಕಿಂತ ಹೆಚ್ಚು ಸಂದೇಶಗಳನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರಿಗೆ ಮೇಲ್ ನಿಜವಾಗಿ ಅವರದೇ ಎಂದು ತೋರಿಸುವ ಎಸ್‌ಪಿಎಫ್ (ಅವರ ಪರವಾಗಿ ಕಳಿಸಬಲ್ಲವರ ಪಟ್ಟಿ), ಡಿಕಿಮ್ (ಡಿಜಿಟಲ್ ಸಹಿ), ಡಿಮಾರ್ಕ್ (ಪರೀಕ್ಷೆಯಲ್ಲಿ ಸೋತ ಮೇಲ್ ಏನಾಗಬೇಕೆಂಬ ನೀತಿ) ಮೂರೂ ಕಡ್ಡಾಯ. ಪ್ರಚಾರದ ಮೇಲ್‌ನಿಂದ ಒಂದೇ ಕ್ಲಿಕ್‌ನಲ್ಲಿ ಹೊರಬರುವ ದಾರಿ ಇರಬೇಕು. ಸ್ಪ್ಯಾಮ್ ದೂರು ಶೇಕಡಾ 0.3 ಮುಟ್ಟಬಾರದು, 0.1ರ ಕೆಳಗಿದ್ದರೆ ಕ್ಷೇಮ. ದಿನಕ್ಕೆ ಐನೂರು ಕಳಿಸುವವರೂ ಇದನ್ನೆಲ್ಲ ಮಾಡಿಟ್ಟುಕೊಳ್ಳಿ.

ಅಲ್ಲಿ ಪದೇ ಪದೇ ಆಗುವ ತಪ್ಪು: ಹೊಸ ಮೇಲ್ ಸೇವೆ ತೆಗೆದುಕೊಂಡಾಗ ಅವರು ಹೇಳಿದ ಎಸ್‌ಪಿಎಫ್ ಸಾಲನ್ನು ಹಳೆಯದರ ಪಕ್ಕದಲ್ಲಿ ಇನ್ನೊಂದಾಗಿ ಸೇರಿಸುವುದು. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ. ಎರಡಿದ್ದರೆ ಎರಡೂ ಅಸಿಂಧು. ಇರುವ ಸಾಲಿನೊಳಗೇ ಹೊಸ ಸೇವೆಯನ್ನು ಸೇರಿಸಬೇಕು, ಅದನ್ನು ಪರೀಕ್ಷಿಸಲು ಬೇಕಾಗುವ ಡಿಎನ್‌ಎಸ್ (ಡೊಮೇನ್ ದಾಖಲೆಗಳ) ಹುಡುಕಾಟ ಒಟ್ಟು ಹತ್ತನ್ನು ದಾಟಬಾರದು. ಡಿಮಾರ್ಕ್ ನೀತಿಯನ್ನು ಮೊದಲು ‘ನನ್’ (none, ಏನನ್ನೂ ತಡೆಯಬೇಡ) ಎಂದಿಟ್ಟು ವರದಿಗಳನ್ನು ಕೆಲವು ವಾರ ಓದಿ. ಬಿಲ್ ಕಳಿಸುವ ತಂತ್ರಾಂಶ, ಗ್ರಾಹಕ ಸೇವೆಯ ತಂತ್ರಾಂಶ, ಮರೆತೇಹೋಗಿದ್ದ ಯಾವುದೋ ಫಾರಂ, ನಿಮ್ಮ ಹೆಸರಿನಲ್ಲಿ ಯಾರ್ಯಾರು ಮೇಲ್ ಕಳಿಸುತ್ತಿದ್ದಾರೆ ಎಂದು ಆಗ ಗೊತ್ತಾಗುತ್ತದೆ. ಎಲ್ಲವೂ ಸರಿಯಾದ ಮೇಲೆ ‘ಕ್ವಾರಂಟೈನ್’ (ಸ್ಪ್ಯಾಮ್‌ಗೆ ಹಾಕು), ಆಮೇಲೆ ‘ರಿಜೆಕ್ಟ್’ (ತಿರಸ್ಕರಿಸು). ಮೊದಲ ದಿನವೇ ರಿಜೆಕ್ಟ್ ಹಾಕಿದರೆ ನಿಮ್ಮದೇ ಬಿಲ್‌ಗಳು ಗ್ರಾಹಕರಿಗೆ ತಲುಪುವುದಿಲ್ಲ.

ಮೇಲ್ ಎಷ್ಟು ಜನ ತೆರೆದರು ಎಂಬ ಅಂಕಿಯನ್ನು ಮರೆತುಬಿಡಿ. 2021ರ ಸೆಪ್ಟೆಂಬರ್‌ನಿಂದ ಆ್ಯಪಲ್ ಮೇಲ್‌ನ ಗೋಪ್ಯತಾ ಸೌಲಭ್ಯ ಆನ್ ಮಾಡಿದವರಿಗೆ, ಮೇಲ್ ತೆರೆದರೋ ಎಂದು ಪತ್ತೆಹಚ್ಚುವ ಚಿತ್ರಗಳು ಮೊದಲೇ ಇಳಿದಿರುತ್ತವೆ. ಓದದಿದ್ದರೂ ‘ತೆರೆದರು’ ಎಂದೇ ಲೆಕ್ಕ.

ವಿಡಿಯೊದಲ್ಲೂ ಅಂಕಿಯದ್ದೇ ಕಥೆ. 2016ರ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ತನ್ನ ಸರಾಸರಿ ವೀಕ್ಷಣಾ ಸಮಯ ಹಿಗ್ಗಿದ್ದನ್ನು ಒಪ್ಪಿಕೊಂಡಿತು. ಮೂರು ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಸರಾಸರಿಯಿಂದ ಹೊರಗಿಟ್ಟಿದ್ದರು. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ಓಡಲು ಶುರುವಾದರೆ ಸಾಕು, ಒಂದು ವೀಕ್ಷಣೆ. ಹಾಗಾಗಿ ಆ ದಿನಕ್ಕಿಂತ ಹಿಂದಿನ ಮುಂದಿನ ಅಂಕಿಗಳನ್ನು ಒಂದೇ ಗೆರೆಯಲ್ಲಿ ಇಟ್ಟು ‘ಬೆಳವಣಿಗೆ’ ಎನ್ನಬೇಡಿ. ನೋಡಬೇಕಾದ್ದು ಮೂರನೇ ಸೆಕೆಂಡಿನ ಹೊತ್ತಿಗೆ ಎಷ್ಟು ಜನ ಉಳಿದರು ಎಂಬುದನ್ನು. ಲೋಗೊ, ಸಂಗೀತ, ಸ್ವಾಗತ ಎಲ್ಲವನ್ನೂ ತೆಗೆದು, ವಸ್ತುವನ್ನೇ ಮೊದಲ ಚೌಕಟ್ಟಿಗೆ ತನ್ನಿ. ಹಿಂಬಾಲಕರ ಸಂಖ್ಯೆಗೆ ಮೊದಲಿನ ಬೆಲೆ ಉಳಿದಿಲ್ಲ. ಟಿಕ್‌ಟಾಕ್ ತೋರಿಸಿದ ದಾರಿಯಲ್ಲಿ ಉಳಿದವರೂ ಹೋಗಿದ್ದಾರೆ. ಯಾರನ್ನು ಹಿಂಬಾಲಿಸುತ್ತೀರಿ ಎನ್ನುವುದಕ್ಕಿಂತ ಯಾವುದರ ಮುಂದೆ ನಿಲ್ಲುತ್ತೀರಿ ಎನ್ನುವುದರ ಮೇಲೆ ಮುಂದಿನ ವಿಡಿಯೊ ಬರುತ್ತದೆ.

ಸಮಯ ಮುಗಿಯುತ್ತಾ ಬಂತೆಂದು ಚೀಟಿ ಬಂದಿದೆ. ಹುಡುಕಾಟದ ಬಗ್ಗೆ ಎರಡೇ ಮಾತು. 2024ರ ಮೇ ತಿಂಗಳಿಂದ ಗೂಗಲ್ ಅಮೆರಿಕದಲ್ಲಿ ಶುರುಮಾಡಿ ಎಐ ಸಾರಾಂಶವನ್ನು ಫಲಿತಾಂಶದ ತಲೆಯ ಮೇಲೆ ಇಟ್ಟಿದೆ. ‘ಇದು ಏನು’ ಎಂಬ ಜಾತಿಯ ಪುಟಗಳಿಗೆ ಅಲ್ಲೇ ಉತ್ತರ ಸಿಕ್ಕಿಬಿಡುತ್ತದೆ, ಯಾರೂ ನಿಮ್ಮ ಬಾಗಿಲಿಗೆ ಬರಬೇಕಿಲ್ಲ. ನಿಮ್ಮಲ್ಲಿ ಮಾತ್ರ ಇರುವುದನ್ನು ಬರೆಯಿರಿ: ಅಳತೆಗಳು, ಯಾವುದರ ಜೊತೆ ಹೊಂದುತ್ತದೆ, ಯಾವುದರ ಜೊತೆ ಹೊಂದುವುದಿಲ್ಲ, ಬಿಡಿಭಾಗದ ಸಂಖ್ಯೆ, ನಿಮ್ಮದೇ ಫೋಟೊ.

ವೇಗಕ್ಕೆ ಮೂರು ಮಿತಿ. ಮುಖ್ಯ ಚಿತ್ರ ಅಥವಾ ಬರಹ 2.5 ಸೆಕೆಂಡಿನೊಳಗೆ ಕಾಣಬೇಕು. ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು. ಪುಟದ ಭಾಗಗಳು ತಾವಾಗಿ ಜಾಗ ಬದಲಿಸಿ ಜಿಗಿಯುವುದನ್ನು ಅಳೆಯುವ ಅಂಕ 0.1 ಮೀರಬಾರದು. ನೂರರಲ್ಲಿ ಎಪ್ಪತ್ತೈದು ಭೇಟಿಗಳಿಗಾದರೂ ಇದು ನಿಜವಾಗಬೇಕು. ಮೇಲ್ತುದಿಯ ದೊಡ್ಡ ಚಿತ್ರಕ್ಕೆ ಲೇಜಿ ಲೋಡಿಂಗ್ (ತಡವಾಗಿ ಇಳಿಸುವ ಹೊಂದಿಕೆ) ಹಾಕಿದ್ದರೆ ತೆಗೆಯಿರಿ, ಪ್ರತಿ ಚಿತ್ರಕ್ಕೂ ಅಗಲ ಎತ್ತರ ಬರೆಯಿರಿ, ಹಳೆಯ ಪ್ರಚಾರಗಳ ಟ್ಯಾಗ್‌ಗಳನ್ನು (ಪುಟಕ್ಕೆ ಸೇರಿಸಿದ ಎಣಿಕೆಯ ಸ್ಕ್ರಿಪ್ಟ್‌ಗಳನ್ನು) ಟ್ಯಾಗ್ ಮ್ಯಾನೇಜರ್‌ನಿಂದ ಅಳಿಸಿ.

ವಿಮರ್ಶೆಗೆ ಒಂದೇ ನಿಮಿಷ. ಖೋಟಾ ವಿಮರ್ಶೆ ಕೊಳ್ಳುವುದನ್ನೂ ಮಾರುವುದನ್ನೂ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಅಕ್ಟೋಬರ್‌ನಿಂದ ನೇರ ನಿಯಮದಲ್ಲೇ ನಿಷೇಧಿಸಿದೆ. ನಿಯಮ ಇಲ್ಲದ ಕಡೆಯೂ ಅದನ್ನು ಮಾಡಬೇಡಿ. ವಸ್ತು ತಲುಪಿದ ದಿನವೇ ವಿಮರ್ಶೆ ಕೇಳಿದರೆ ಪೊಟ್ಟಣದ ಬಗ್ಗೆ ಬರೆಯುತ್ತಾರೆ. ಬಳಸಿ ನೋಡುವಷ್ಟು ದಿನ ಬಿಟ್ಟು ಕೇಳಿ, ತೃಪ್ತರಾದವರನ್ನು ಮಾತ್ರ ಆರಿಸಿ ಕೇಳಬೇಡಿ. ಒಂದು ನಕ್ಷತ್ರದ ವಿಮರ್ಶೆಗಳನ್ನು ತಿಂಗಳಿಗೊಮ್ಮೆ ಸಾಲಾಗಿ ಓದಿ, ಉತ್ಪನ್ನದ ಪುಟದಲ್ಲಿ ಯಾವ ಮಾಹಿತಿ ಬಿಟ್ಟುಹೋಗಿದೆ ಎಂಬುದು ಅಲ್ಲಿರುತ್ತದೆ.

ಇಲ್ಲಿಗೆ ನಿಲ್ಲಿಸುತ್ತೇನೆ, ಪ್ರಶ್ನೆಗಳಿಗೆ ಸ್ವಲ್ಪ ಸಮಯ ಉಳಿಯಲಿ. ಪ್ರದೇಶಗಳನ್ನು ಎರಡು ಗುಂಪು ಮಾಡುವ ಲೆಕ್ಕ ಮತ್ತು ಡಿಮಾರ್ಕ್ ವರದಿ ಓದುವ ಬಗೆ, ಎರಡನ್ನೂ ವಿರಾಮದಲ್ಲಿ ಲ್ಯಾಪ್‌ಟಾಪ್ ತೆರೆದು ತೋರಿಸುತ್ತೇನೆ. ನಿಮ್ಮ ಹನ್ನೆರಡು ವಾರಗಳ ಮಾರಾಟದ ಹಾಳೆ ಇದ್ದವರು ತನ್ನಿ.