ಒಂದೇ ಹೆಸರಿನ ಎರಡು ಕೊಳೆರೋಗ

ಮಲೆನಾಡು, ಕರಾವಳಿಯ ಬೆಳೆಗಾರ ಬಂಧುಗಳಿಗೆ ನಮಸ್ಕಾರ.

ಮಳೆ ಹಿಡಿದ ಮೇಲೆ ತೋಟಕ್ಕೆ ಕಾಲಿಟ್ಟರೆ ಕಣ್ಣು ಮೊದಲು ಮರದ ಬುಡಕ್ಕೆ ಹೋಗುತ್ತದೆ, ಅಲ್ವಾ? ನಾಲ್ಕು ಹಸಿ ಅಡಿಕೆ ಬಿದ್ದಿದ್ದರೆ ಸಾಕು, 'ಕೊಳೆ ಬಂತು' ಅನ್ನುತ್ತೇವೆ.

ಬಿದ್ದದ್ದೆಲ್ಲ ಕೊಳೆ ಅಲ್ಲ. ಒಂದು ಕಾಯಿ ಎತ್ತಿ ತೊಟ್ಟಿನ ಕಡೆ ನೋಡಿ. ನೀರಲ್ಲಿ ನೆನೆದಂಥ ಕಡುಹಸಿರು ಮಚ್ಚೆ ಇದ್ದರೆ ನಿಮ್ಮ ಅನುಮಾನ ಸರಿ. ಎಳೆಕಾಯಿಯಲ್ಲಿ ಸೂಜಿ ಚುಚ್ಚಿದಂಥ ಗುರುತು ಕಂಡರೆ ಅದು ಕಾಯಿಯ ರಸ ಹೀರುವ ತಿಗಣೆಯ ಕೆಲಸ. ಅದಕ್ಕೆ ಕೊಳೆ ಮದ್ದು ಹೊಡೆದರೆ ದುಡ್ಡು ಸುಮ್ನೆ ಹೋಗುತ್ತದೆ.

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಅಡಿಕೆ ಕೊಳೆಗೆ ಫೈಟಾಫ್ಥೊರಾ ಎಂಬ ಸೂಕ್ಷ್ಮಜೀವಿ ಕಾರಣ ಎಂದು ಬರೆದರು. ಸೂಕ್ಷ್ಮದರ್ಶಕದಲ್ಲಿ ಇದರ ಪುಟ್ಟ ಚೀಲಗಳು ನಿಂಬೆಹಣ್ಣಿನ ಆಕಾರದಲ್ಲಿ ಕಾಣುತ್ತವೆ. ನೀರು ಸಿಕ್ಕರೆ ಅವುಗಳಿಂದ ಬಾಲವಿರುವ ಬೀಜಾಣುಗಳು ಹೊರಬಂದು ಈಜುತ್ತವೆ. ಮಳೆ ಬಿಡದೆ ಸುರಿದಾಗ ರೋಗ ಗೊನೆಯಿಂದ ಗೊನೆಗೆ ಹಾರುವುದು ಇದರಿಂದಲೇ. ನಾವು ಶಿಲೀಂಧ್ರ ಅಂತ ಕರೆದರೂ ಇದು ನಿಜವಾದ ಶಿಲೀಂಧ್ರವಲ್ಲ, ಪಾಚಿಗೆ ಹತ್ತಿರದ ಸಂಬಂಧಿ. ಅದಕ್ಕೇ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಇದರ ಮೇಲೆ ಕೆಲಸ ಮಾಡುವುದಿಲ್ಲ. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಕೆಲಸ ಮಾಡುತ್ತದೆ, ಅದೂ ಮಳೆಗೆ ಮೊದಲೇ ಗೊನೆಗೆ ಹೊಡೆದಿದ್ದರೆ.

ಕಾಫಿ ತೋಟದವರೂ ಕೊಳೆರೋಗ ಅನ್ನುತ್ತಾರೆ. ಅದು ಬೇರೆಯೇ. ಅಲ್ಲಿ ಕಪ್ಪಾದ ಎಲೆ ಉದುರದೆ, ಬೂಸ್ಟಿನ ಎಳೆಗಳಲ್ಲಿ ಕೊಂಬೆಗೆ ಜೋತುಬೀಳುತ್ತದೆ. ಆ ರೋಗ ತರುವುದು ನಿಜವಾದ ಶಿಲೀಂಧ್ರ. 1876ರಲ್ಲಿ ಅದಕ್ಕೆ ಲ್ಯಾಟಿನ್ ಹೆಸರು ಇಡುವಾಗ ನಮ್ಮ ಮಾತನ್ನೇ ಸೇರಿಸಿಕೊಂಡರು: ಪೆಲಿಕ್ಯುಲೇರಿಯಾ ಕೊಳೆರೋಗ! ಕನ್ನಡದ ಪದವೊಂದು ಜಗತ್ತಿನ ಪುಸ್ತಕಗಳಿಗೆ ಹೋಯಿತಲ್ಲ ಎಂದು ನನಗೆ ತುಂಬಾ ಖುಷಿ. ಆದರೆ ಹೆಸರು ಒಂದೇ ಇದೆಯೆಂದು ಅಡಿಕೆಯ ಲೆಕ್ಕವನ್ನು ಕಾಫಿಗೆ ಹಾಕಬೇಡಿ.

ಅನುಮಾನ ಬಗೆಹರಿಯದಿದ್ದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಾದರಿ ಒಯ್ಯಿರಿ. ಪೂರ್ತಿ ಕೊಳೆತ ಕಾಯಿ ಬೇಡ, ಅದರಲ್ಲಿ ಆಮೇಲೆ ಬಂದು ಸೇರಿದ ಬೂಸ್ಟುಗಳೇ ಜಾಸ್ತಿ. ಮಚ್ಚೆ ಈಗಷ್ಟೇ ಶುರುವಾದ ಕಾಯನ್ನು ಗೊನೆಯಿಂದಲೇ ಕೊಯ್ದು, ಕಾಗದದಲ್ಲಿ ಸುತ್ತಿ, ಅವತ್ತೇ ತಲುಪಿಸಿ.