ಕಾದು ಕಾದು ಕೈಗೆ ಬಂದ ಮೂರನೆಯ ಪುಸ್ತಕ

ಕೇಳುಗರಿಗೆ ನಮಸ್ಕಾರ.

2013ರ ಅಕ್ಟೋಬರ್ 22ರಂದು ಅಮೆರಿಕದಲ್ಲಿ 'ಅಲೀಜಿಯಂಟ್' ಎಂಬ ಕಾದಂಬರಿ ಬಿಡುಗಡೆಯಾಯಿತು. ಬರೆದವರು ವೆರೋನಿಕಾ ರಾತ್. ಆಗ ಅವರಿಗೆ 25 ವರ್ಷ. ಹದಿಹರೆಯದವರಿಗೆಂದು ಬರೆದ ವಿಜ್ಞಾನ ಕಥೆ ಇದು, ಅದರ ಒಡಲಲ್ಲೊಂದು ಪ್ರೇಮಕಥೆ. ಸರಣಿಯ ಮೊದಲ ಪುಸ್ತಕ 'ಡೈವರ್ಜೆಂಟ್' 2011ರಲ್ಲಿ, ಎರಡನೆಯದಾದ 'ಇನ್ಸರ್ಜೆಂಟ್' 2012ರ ಮೇ ತಿಂಗಳಲ್ಲಿ ಬಂದಿದ್ದವು. ಎರಡನೆಯ ಪುಸ್ತಕ ಮುಗಿಯುವುದು ಉಸಿರು ಬಿಗಿಹಿಡಿಯುವಂಥ ಜಾಗದಲ್ಲಿ. ಕಥೆ ನಡೆಯುವ ಊರಿನ ಬೇಲಿಯಾಚೆ ಇನ್ನೊಂದು ಜಗತ್ತಿದೆ, ಆ ಊರನ್ನು ಬೇಕೆಂದೇ ಮುಚ್ಚಿಟ್ಟಿದ್ದಾರೆ ಎಂಬ ಗುಟ್ಟು ಅಲ್ಲಿ ಬಯಲಾಗುತ್ತದೆ. ಬೇಲಿಯಾಚೆ ಏನಿದೆ ಎಂದು ತಿಳಿಯಲು ಓದುಗರು ಹೆಚ್ಚುಕಡಿಮೆ ಒಂದೂವರೆ ವರ್ಷ ಕಾದರು.

ಕಥೆಯ ಕೊನೆಯನ್ನು ಹೇಳದೆ ನನ್ನ ಮಾತು ಮುಂದೆ ಹೋಗುವುದಿಲ್ಲ. ಇನ್ನೂ ಓದದವರು, ಓದಬೇಕೆಂದಿರುವವರು ದಯವಿಟ್ಟು ಈಗಲೇ ರೇಡಿಯೊದ ದನಿ ತಗ್ಗಿಸಿಬಿಡಿ.

ಮೊದಲ ಪುಸ್ತಕ ಏಕೆ ಅಷ್ಟು ಹಿಡಿಸಿತು ಎಂಬುದರಿಂದಲೇ ಶುರು ಮಾಡುತ್ತೇನೆ. ಮುಂದೊಂದು ಕಾಲದ ಶಿಕಾಗೊ ನಗರ. ಜನ ಐದು ಬಣಗಳಾಗಿ ಬದುಕುತ್ತಾರೆ. ನಿಸ್ವಾರ್ಥವೇ ದೊಡ್ಡದೆನ್ನುವವರು, ಧೈರ್ಯವೇ ದೊಡ್ಡದೆನ್ನುವವರು, ಜ್ಞಾನವೆನ್ನುವವರು, ಸತ್ಯವೆನ್ನುವವರು, ಶಾಂತಿಯೆನ್ನುವವರು. ಹದಿನಾರು ವರ್ಷ ತುಂಬಿದವರು ಒಂದು ದಿನ ಎಲ್ಲರೆದುರು ನಿಂತು ತಮ್ಮ ಬಣವನ್ನು ಆರಿಸಿಕೊಳ್ಳಬೇಕು. ಐದು ಬೋಗುಣಿಗಳಲ್ಲಿ ಕಲ್ಲು, ಕೆಂಡ, ನೀರು, ಗಾಜು, ಮಣ್ಣು ಇಟ್ಟಿರುತ್ತಾರೆ. ಅಂಗೈ ಕೊಯ್ದುಕೊಂಡು, ಬೇಕಾದ ಬೋಗುಣಿಯ ಮೇಲೆ ಕೈ ಚಾಚಿ ರಕ್ತ ತೊಟ್ಟಿಕ್ಕಿಸಬೇಕು. ನಿಸ್ವಾರ್ಥಿಗಳ ಮನೆಯಲ್ಲಿ ಬೆಳೆದ, ಕನ್ನಡಿ ನೋಡಿಕೊಳ್ಳುವುದಕ್ಕೂ ಅಳತೆಯಿದ್ದ ಹುಡುಗಿ ಬಿಯಾಟ್ರಿಸ್. ಅವಳ ರಕ್ತ ಕೆಂಡದ ಮೇಲೆ ಬಿದ್ದು ಚುರ್ರೆನ್ನುತ್ತದೆ. ಅಪ್ಪ ಅಮ್ಮನ ಕಣ್ಣೆದುರೇ ಅವಳು ಮನೆ ಬಿಟ್ಟಳು, ಧೈರ್ಯದ ಬಣ ಸೇರಿದಳು, ತನ್ನ ಹೆಸರನ್ನೂ ಟ್ರಿಸ್ ಎಂದು ಬದಲಿಸಿಕೊಂಡಳು.

ಹದಿನಾರರ ಹುಡುಗ ಹುಡುಗಿಯರಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಯಾವುದಿದೆ? ನಾನು ಹುಟ್ಟಿದ ಮನೆಯವಳೋ, ನಾನು ಆರಿಸಿಕೊಂಡ ದಾರಿಯವಳೋ? ಅದನ್ನು ರಾತ್ ಅವರು ಉಪದೇಶವಾಗಿಸಲಿಲ್ಲ. ಬೋಗುಣಿ, ಚಾಕು, ಕೆಂಡ ಇಷ್ಟನ್ನೇ ಇಟ್ಟುಕೊಂಡು ಕಣ್ಣೆದುರು ನಡೆಸಿ ತೋರಿಸಿದರು. ಮೊದಲ ಪುಸ್ತಕ ಬರೆಯುವಾಗ ಅವರಿನ್ನೂ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಆ ವಯಸ್ಸಿನ ಬಿಸಿ ಇನ್ನೂ ಆರಿರಲಿಲ್ಲ, ಆ ಬಿಸಿ ಪುಟಪುಟದಲ್ಲೂ ತಾಗುತ್ತದೆ.

ಪ್ರೇಮವೂ ಅದೇ ಪ್ರಶ್ನೆಯಿಂದಲೇ ಹುಟ್ಟಿದ್ದು. ಟ್ರಿಸ್‌ಗೆ ತರಬೇತಿ ಕೊಡುವ ಹುಡುಗನನ್ನು ಎಲ್ಲರೂ ಕರೆಯುವುದು 'ಫೋರ್' ಎಂದು, ಅವನಿಗಿರುವ ಭಯಗಳು ನಾಲ್ಕೇ ಎಂಬ ಕಾರಣಕ್ಕೆ. ನಿಜವಾದ ಹೆಸರು ಟೋಬಿಯಾಸ್. ಬೆಲ್ಟಿನಿಂದ ಹೊಡೆಯುತ್ತಿದ್ದ ತಂದೆಯಿಂದ ಪಾರಾಗಲು ಅವನೂ ಹುಟ್ಟಿದ ಬಣ ತೊರೆದು ಬಂದವನು. ಒಂದು ರಾತ್ರಿ ಅವನು ಅವಳನ್ನು ತನ್ನ ಭಯಗಳ ಒಳಕ್ಕೇ ಕರೆದೊಯ್ಯುತ್ತಾನೆ. ಭಯಗಳನ್ನು ನಿಜವೆಂಬಂತೆ ಕಣ್ಣೆದುರು ತರುವ ಮದ್ದು ಚುಚ್ಚಿಕೊಂಡು ಇಬ್ಬರೂ ಆ ನಾಲ್ಕು ಭಯಗಳನ್ನು ಒಟ್ಟಿಗೇ ಹಾದುಬರುತ್ತಾರೆ. ನಾಲ್ಕನೆಯದು ಅಪ್ಪನೇ. ಪ್ರೀತಿಸುವ ಹುಡುಗಿಗೆ ತನ್ನ ಅಂಜಿಕೆಗಳನ್ನು ಒಂದೊಂದಾಗಿ ತೋರಿಸುವ ಆ ಅಧ್ಯಾಯ ನನಗೆ ಸರಣಿಯಲ್ಲೇ ಬಲು ಮೆಚ್ಚು. ವಿಜ್ಞಾನ ಕಥೆಯ ಉಪಕರಣವೊಂದು ಮನುಷ್ಯರ ನಡುವಿನ ಸಲಿಗೆಯನ್ನು ತೋರಿಸಲು ಇಷ್ಟು ಚೆನ್ನಾಗಿ ಒದಗಿದ್ದನ್ನು ನಾನು ಕಂಡದ್ದು ಕಡಿಮೆ.

ಇಂಥದ್ದನ್ನು ಬರೆದವರ ಮೂರನೆಯ ಪುಸ್ತಕಕ್ಕೆ ಕಾಯದೆ ಇರುವುದು ಹೇಗೆ?

ಮೂರನೆಯ ಪುಸ್ತಕದಲ್ಲಿ ಟ್ರಿಸ್, ಟೋಬಿಯಾಸ್ ಬೇಲಿ ದಾಟುತ್ತಾರೆ. ಶಿಕಾಗೊದ ಓಹೇರ್ ವಿಮಾನ ನಿಲ್ದಾಣದಲ್ಲಿ ಒಂದು ಸರ್ಕಾರಿ ಸಂಸ್ಥೆ ಬೀಡುಬಿಟ್ಟಿದೆ. ಅಲ್ಲಿ ಕೇಳಿಬರುವ ವಿವರಣೆ ಹೀಗಿದೆ: ಹಿಂದೊಮ್ಮೆ ಮನುಷ್ಯರ ಕೆಟ್ಟ ಗುಣಗಳನ್ನು ಜೀನ್ ತಿದ್ದಿ ಕಿತ್ತುಹಾಕಲು ಹೋದರು, ಅದರಿಂದ ಬೇರೆ ಗುಣಗಳೂ ಹಾಳಾದವು. ಹಾಳಾದ ಜೀನ್‌ಗಳು ತಲೆಮಾರುಗಳು ಕಳೆದಂತೆ ಸರಿಹೋಗಲಿ ಎಂದು ಇಡೀ ಊರನ್ನೇ ಪ್ರಯೋಗಕ್ಕೆ ಮುಚ್ಚಿಟ್ಟರು. 'ಡೈವರ್ಜೆಂಟ್' ಎನ್ನಿಸಿಕೊಂಡವರು, ಅಂದರೆ ಒಂದೇ ಬಣಕ್ಕೆ ಒಗ್ಗದವರು, ಜೀನ್ ಸರಿಹೋದವರಂತೆ. ಉಳಿದವರು ಜೀನ್ ಕೆಟ್ಟವರು. ಟ್ರಿಸ್ ಶುದ್ಧ, ಟೋಬಿಯಾಸ್ ಅಶುದ್ಧ.

ನನ್ನ ನಿರಾಸೆ ಶುರುವಾದದ್ದು ಇಲ್ಲಿ. ಮೊದಲ ಪುಸ್ತಕದಲ್ಲಿ ಹುಡುಗಿ ಆಯ್ಕೆಗಾಗಿ ಸುರಿಸಿದ ರಕ್ತವನ್ನು ಮೂರನೆಯ ಪುಸ್ತಕ ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸಿ ಅಂಕ ಹಾಕಿತು. ಯಾವ ಬಣದಲ್ಲೂ ಅಡಕವಾಗದ ಅವಳ ಗುಣ ಅವಳೇ ಕಷ್ಟಪಟ್ಟು ಗಳಿಸಿದ್ದು ಎಂದುಕೊಂಡಿದ್ದೆವು, ಅದು ಹುಟ್ಟಿನಿಂದ ಬಂದದ್ದಾಯಿತು. ಕುಲಕ್ಕಿಂತ ಛಲ ದೊಡ್ಡದು, ಗುಣ ದೊಡ್ಡದು ಎಂಬುದನ್ನು ಪಂಪನ ಕರ್ಣನ ಬಾಯಲ್ಲಿ ಕೇಳಿ ಬೆಳೆದ ನಮ್ಮಂಥ ಓದುಗರಿಗೆ ಇದು ಇನ್ನಷ್ಟು ಚುಚ್ಚುತ್ತದೆ.

ನ್ಯಾಯವಾಗಿ ಹೇಳಬೇಕು, ಈ ಶುದ್ಧ ಅಶುದ್ಧದ ಲೆಕ್ಕ ಸುಳ್ಳು ಎಂಬುದೇ ಲೇಖಕಿಯ ನಿಲುವು. ಅದನ್ನು ಟ್ರಿಸ್ ಬಾಯಲ್ಲಿ ಆಡಿಸುತ್ತಾರೆ ಕೂಡ. ಆದರೆ ಆಡಿಸಿದರೆ ಸಾಲದಲ್ಲ. ಅಮೆರಿಕಕ್ಕೆ ಇದು ಬರೀ ಕಲ್ಪನೆಯಲ್ಲ. ಶಿಕಾಗೊ ಇರುವ ಇಲಿನಾಯ್‌ನ ಪಕ್ಕದ ರಾಜ್ಯ ಇಂಡಿಯಾನಾ. 'ಅಯೋಗ್ಯರು' ಎಂದು ಹಣೆಪಟ್ಟಿ ಹಚ್ಚಿದವರಿಗೆ ಬಲವಂತದ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸುವ ಕಾನೂನನ್ನು ಅದು 1907ರಲ್ಲೇ ತಂದಿತ್ತು. 1927ರಲ್ಲಿ ಕ್ಯಾರಿ ಬಕ್ ಎಂಬ ಯುವತಿಯ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ವರ್ಜೀನಿಯಾದ ಅಂಥದೇ ಕಾನೂನನ್ನು ಎತ್ತಿಹಿಡಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಆ ದೇಶದಲ್ಲಿ ಹೀಗೆ 60,000ಕ್ಕೂ ಹೆಚ್ಚು ಜನ ಬಲಿಯಾದರು. ಇಷ್ಟು ದೊಡ್ಡ ಗಾಯ ಕಾಲಬುಡದಲ್ಲೇ ಇರುವಾಗ, ಕಾದಂಬರಿ ಅದರ ಮೇಲೆ ಬೆರಳಿಟ್ಟು ತಕ್ಷಣ ತೆಗೆದುಬಿಡುತ್ತದೆ. ಅಶುದ್ಧರೆನಿಸಿಕೊಂಡವರ ಬದುಕು ನಮಗೆ ಹಾಯುವಾಗ ಕಂಡಷ್ಟೇ ಕಾಣುತ್ತದೆ. ಧೈರ್ಯ, ಪ್ರಾಮಾಣಿಕತೆ ಒಂದೊಂದು ಜೀನ್‌ನಲ್ಲಿ ಕೂತಿರುವಂತೆ, ಒಂದನ್ನು ಕಿತ್ತರೆ ಇನ್ನೊಂದು ಬೀಳುವಂತೆ ಹೇಳುವ ವಿಜ್ಞಾನವೂ ತೆಳು. ನಮ್ಮ ಸ್ವಭಾವದಲ್ಲಿ ಅಸಂಖ್ಯ ಜೀನ್‌ಗಳ ಜೊತೆಗೆ ಮನೆ, ಹಸಿವು, ಸಹವಾಸ ಎಲ್ಲವೂ ಕೈಯಾಡಿಸಿರುತ್ತವೆ. ಹದಿಹರೆಯದವರು ತಾನೇ ಓದುವುದು ಎಂಬ ಸಡಿಲಿಕೆ ಇಲ್ಲಿ ಸಲ್ಲದು. ಆ ವಯಸ್ಸಿನ ಓದುಗರೇ ಇದನ್ನೆಲ್ಲ ಮೊದಲು ಕೇಳುವವರು.

ಇನ್ನು ನಿರೂಪಣೆ. ಮೊದಲೆರಡು ಪುಸ್ತಕಗಳನ್ನು ಟ್ರಿಸ್ ಒಬ್ಬಳೇ ಹೇಳುತ್ತಾಳೆ. ಮೂರನೆಯದರಲ್ಲಿ ಅವಳದೊಂದು ಅಧ್ಯಾಯ, ಟೋಬಿಯಾಸನದೊಂದು. ದನಿ ಮಾತ್ರ ಒಂದೇ. ಪುಸ್ತಕ ಮಡಚಿಟ್ಟು ಮತ್ತೆ ತೆರೆದರೆ ಮಾತಾಡುತ್ತಿರುವವರು ಯಾರೆಂದು ಅಧ್ಯಾಯದ ತಲೆಬರಹ ನೋಡಬೇಕಾಗುತ್ತದೆ. ಮಿತಭಾಷಿಯಾಗಿ, ಎಲ್ಲವನ್ನೂ ಒಳಗೇ ಅದುಮಿಟ್ಟುಕೊಂಡು ನಮ್ಮನ್ನು ಸೆಳೆದಿದ್ದ ಹುಡುಗ ಇಲ್ಲಿ ಪುಟಗಟ್ಟಲೆ ತನ್ನನ್ನು ತಾನೇ ಬಿಡಿಸಿ ಹೇಳಿಕೊಳ್ಳುತ್ತಾನೆ. ಪ್ರೇಮಕ್ಕೆ ಬೇಕಾದ ಮೌನವೇ ಅಲ್ಲಿ ಉಳಿಯಲಿಲ್ಲ. ಹೊಸದಾಗಿ ಪರಿಚಯವಾದ ನೀಟಾ ಎಂಬವಳನ್ನು ನಂಬಿ ಅವನು ಒಂದು ಸಂಚಿಗೆ ಸೇರುತ್ತಾನೆ, ಟ್ರಿಸ್ ಬೇಡವೆನ್ನುತ್ತಾಳೆ, ಸ್ಫೋಟದಲ್ಲಿ ಗೆಳೆಯ ಯುರಾಯ ಸಾವಿನಂಚಿಗೆ ಹೋಗುತ್ತಾನೆ. ಭಯಗಳನ್ನು ಒಟ್ಟಿಗೆ ದಾಟಿದವರು ಈಗ ಅನುಮಾನ, ಮುನಿಸು, ರಾಜಿ, ಮತ್ತೆ ಮುನಿಸು ಎಂದು ಸುತ್ತುತ್ತಾರೆ.

ಕೊನೆಗೆ ಟ್ರಿಸ್ ಸಾಯುತ್ತಾಳೆ. ತನಗೆ ಹಿಂದೆ ದ್ರೋಹ ಬಗೆದಿದ್ದ ಅಣ್ಣ ಕೇಲಬ್ ಹೋಗಬೇಕಿದ್ದ ಕೆಲಸಕ್ಕೆ ತಾನೇ ಹೋಗುತ್ತಾಳೆ, ಮಾರಕ ಮದ್ದನ್ನೂ ಮೀರಿ ಬದುಕುತ್ತಾಳೆ, ಆಮೇಲೆ ಗುಂಡೇಟಿಗೆ ಬೀಳುತ್ತಾಳೆ. ಓದುಗರು ಕೆರಳಿದ್ದು ಹೆಚ್ಚಾಗಿ ಇದಕ್ಕೇ. ನನಗೆ ಈ ಸಾವಿನ ಬಗ್ಗೆ ತಕರಾರಿಲ್ಲ. ನಿಸ್ವಾರ್ಥಿಗಳ ಮನೆಯ ಮಗಳು ಅಣ್ಣನಿಗಾಗಿ ಪ್ರಾಣ ಕೊಡುವುದರಲ್ಲಿ ಅವಳ ಇಡೀ ಬದುಕು ಒಂದಾಗುತ್ತದೆ. ನನ್ನ ತಕರಾರು ಅವಳು ಸಾಯುತ್ತ ಮಾಡಿದ ಕೆಲಸದ ಬಗ್ಗೆ. ಸಂಸ್ಥೆಯವರು ಶಿಕಾಗೊ ಜನರ ನೆನಪನ್ನೆಲ್ಲ ಮದ್ದಿನಿಂದ ಅಳಿಸಲು ಹೊರಟಿದ್ದರು. ಅದು ಘೋರ ಅಪರಾಧವೆಂದೇ ಟ್ರಿಸ್ ಮತ್ತು ಗೆಳೆಯರು ಅದನ್ನು ತಡೆಯಹೊರಟದ್ದು. ತಡೆದದ್ದು ಹೇಗೆ? ಅದೇ ಮದ್ದನ್ನು ಸಂಸ್ಥೆಯೊಳಗೇ ಬಿಟ್ಟು, ಅಲ್ಲಿದ್ದವರ ನೆನಪನ್ನು ಅಳಿಸಿ. ಅಡುಗೆಯವರು, ಕಾವಲಿನವರು, ಮಕ್ಕಳು, ಯಾರ ಒಪ್ಪಿಗೆಯೂ ಇಲ್ಲದೆ. ಆಯ್ಕೆಯನ್ನೇ ಜೀವವಾಗಿಸಿಕೊಂಡಿದ್ದ ಕಥೆ ಇಲ್ಲಿ ಒಂದು ಗಳಿಗೆ ನಿಲ್ಲಬೇಕಿತ್ತು. ನಿಲ್ಲದೆ ಓಡಿಬಿಟ್ಟಿತು.

ಸಿನಿಮಾದವರು ಈ ಪುಸ್ತಕವನ್ನು ಎರಡು ಚಿತ್ರವಾಗಿ ಒಡೆದರು. 2016ರಲ್ಲಿ ಬಂದ ಮೊದಲನೆಯದು ಸೋತಿತು, ಎರಡನೆಯದು ತಯಾರಾಗಲೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಆ ಪುಸ್ತಕದ ಕೊನೆಯ ಕೆಲವು ಅಧ್ಯಾಯಗಳನ್ನು ನಾನು ಬಿಟ್ಟುಕೊಡಲಾರೆ. ಟ್ರಿಸ್ ಸತ್ತ ಮೇಲೆ ಟೋಬಿಯಾಸ್ ನೆನಪಳಿಸುವ ಮದ್ದನ್ನು ಕೈಯಲ್ಲಿ ಹಿಡಿದು ಹೊರಡುತ್ತಾನೆ. ಅವಳನ್ನು ಮರೆತರೆ ನೋವೇ ಇರುವುದಿಲ್ಲವಲ್ಲ. ಟ್ರಿಸ್‌ಳ ಗೆಳತಿ ಕ್ರಿಸ್ಟಿನಾ ಬಂದು ತಡೆಯುತ್ತಾಳೆ. ನೆನಪನ್ನು ಇಟ್ಟುಕೊಂಡೇ ಬದುಕುತ್ತೇನೆ ಎಂದು ಅವನು ಅಂದು ತೀರ್ಮಾನಿಸುತ್ತಾನಲ್ಲ, ಅದೊಂದು ನಿಜವಾದ ಆಯ್ಕೆ, ಬೋಗುಣಿಯ ಆಯ್ಕೆಗೆ ಸರಿಸಮ. ರಾತ್ ಅವರಿಗೆ ಇದು ಬರೆಯಲು ಬರುತ್ತಿತ್ತು. ಈ ಪುಟಗಳ ಮಟ್ಟದಲ್ಲೇ ಜೀನ್ ಕಥೆಯನ್ನೂ ಬರೆಯಬಹುದಿತ್ತು, ಅದಕ್ಕೆ ಇನ್ನೂ ಒಂದು ವರ್ಷ ಬೇಕಾಗಿದ್ದರೆ ನಾವು ಖಂಡಿತ ಕಾಯುತ್ತಿದ್ದೆವು. ನಮಸ್ಕಾರ.