ಶನಿವಾರ ತುಂಬುವ ಬೆಟ್ಟ

ಎಲ್ಲರಿಗೂ ನಮಸ್ಕಾರ.

ನಾನು ಚಿಕ್ಕಮಗಳೂರಿನ ಕಡೆಯವಳು. ಕಾಫಿ ತೋಟದ ಮನೆಯಲ್ಲೇ ಐದು ಕೋಣೆಗಳ ಹೋಮ್‌ಸ್ಟೇ ನಡೆಸುತ್ತೇನೆ. ನೀವೆಲ್ಲ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿರುವವರು. ಈ ಉದ್ಯಮದ ಕಷ್ಟಗಳ ಬಗ್ಗೆ ಮಾತಾಡಿ ಎಂದು ನಿಮ್ಮ ಮೇಷ್ಟ್ರು ಕರೆದರು. ಯೋಚಿಸಿ ನೋಡಿದರೆ ನಮ್ಮ ಕಡೆಯ ಹೆಚ್ಚಿನ ಕಷ್ಟಗಳ ಬೇರು ಒಂದೇ. ಬರುವವರೆಲ್ಲ ಒಟ್ಟಿಗೆ ವಾರದ ಕೊನೆಗೆ ಬರುತ್ತಾರೆ, ಒಟ್ಟಿಗೆ ಹೋಗುತ್ತಾರೆ.

ಮೊದಲು ದುಡ್ಡಿನ ಮಾತು. ಶುಕ್ರವಾರ, ಶನಿವಾರ ರಾತ್ರಿ ಐದೂ ಕೋಣೆ ಭರ್ತಿ. ಸೋಮವಾರದಿಂದ ಗುರುವಾರದವರೆಗೆ ಒಂದು ಕೋಣೆಗೆ ಜನ ಬಂದರೆ ಪುಣ್ಯ. ಬ್ಯಾಂಕಿನ ಕಂತು, ಕರೆಂಟ್ ಬಿಲ್ಲು, ಅಡುಗೆಯವರ ಸಂಬಳ ಮಾತ್ರ ಇಡೀ ತಿಂಗಳದ್ದು. ಎಂಟು ರಾತ್ರಿಯ ಸಂಪಾದನೆಯಲ್ಲಿ 30 ದಿನ ನಡೆಯಬೇಕು, ಬುಕಿಂಗ್ ಆ್ಯಪ್‌ನವರ ಕಮಿಷನ್ನೂ ಅದರಲ್ಲೇ ಹೋಗಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ಕೋಣೆಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಉಳಿದುಕೊಳ್ಳುವವರಿಗೆ ಒಳ್ಳೆಯದೇ. ಆದರೆ ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಹೋಟೆಲಿನವರು ಈ 5ರ ಲೆಕ್ಕದಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಅದೂ ಇರಲಿ. ತೆರಿಗೆ ಇಳಿದರೆ ಶನಿವಾರದ ಜನ ಜಾಸ್ತಿ ಆಗಬಹುದು. ಮಂಗಳವಾರ ರಜೆ ಯಾರು ಕೊಡುತ್ತಾರೆ?

ಇನ್ನು ಕೆಲಸದವರು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನಾಳೆ ನೀವೂ ಇದೇ ಕೆಲಸಕ್ಕೆ ಬರುವವರು ಅಲ್ವಾ?

ನಮ್ಮಲ್ಲಿ ಕೋಣೆ ನೋಡಿಕೊಳ್ಳುವ ಅಕ್ಕ ತೋಟದ ಲೈನ್ ಮನೆಯವರು, ಅಂದರೆ ಕೆಲಸಗಾರರ ಸಾಲುಮನೆಯವರು. ಮೊದಲೆಲ್ಲ ಶನಿವಾರ ಬೆಳಗ್ಗೆ 11ಕ್ಕೆ ಹಿಂದಿನ ದಿನದವರು ಕೋಣೆ ಬಿಡುತ್ತಿದ್ದರು. ಒಂದು ಗಂಟೆಗೆ ಹೊಸಬರು ಬಾಗಿಲಲ್ಲಿ ನಿಂತಿರುತ್ತಿದ್ದರು. ಆ ಎರಡು ಗಂಟೆಯಲ್ಲಿ ಐದು ಕೋಣೆ ಗುಡಿಸಿ ಒರೆಸಬೇಕು, ಐದು ಬಚ್ಚಲು ತೊಳೆಯಬೇಕು, ಹಾಸಿಗೆಗಳಿಗೆಲ್ಲ ಬೇರೆ ಬೆಡ್‌ಶೀಟ್ ಹಾಕಬೇಕಿತ್ತು. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆ ಒಣಗುವುದೇ ಇಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹರವುತ್ತಾರೆ, ನಸುಕಿನಲ್ಲಿ ಎದ್ದು ತಿರುವಿ ಹಾಕುತ್ತಾರೆ. ಅಷ್ಟು ಮಾಡಿದ ಮೇಲೆ ಉಳಿದು ಹೋದವರೊಬ್ಬರು ರಿವ್ಯೂ ಬರೆದರು, ಬೆಡ್‌ಶೀಟ್ ಹೊಗೆ ವಾಸನೆ ಎಂದು. ಅದನ್ನು ಅಕ್ಕನಿಗೆ ಓದಿ ಹೇಳಲು ನನಗೆ ಬಾಯಿ ಬರಲಿಲ್ಲ.

ಅವರ ಮಗಳು ಹಾಸ್ಟೆಲಿನಲ್ಲಿ ಓದುತ್ತಾಳೆ. ಶನಿವಾರ ಸಂಜೆ ಬರುತ್ತಾಳೆ, ಭಾನುವಾರ ಸಂಜೆ ಬಸ್ಸು ಹತ್ತುತ್ತಾಳೆ. ಆಗೆಲ್ಲ ಅಷ್ಟು ಹೊತ್ತೂ ಅಮ್ಮ ನಮ್ಮ ಮನೆಯಲ್ಲಿರುತ್ತಿದ್ದರು, ಬೇರೆಯವರ ಮಕ್ಕಳಿಗೆ ದೋಸೆ ಬಡಿಸುತ್ತಾ. ಇದು ನನ್ನ ಕಣ್ಣಿಗೆ ಬೀಳಲು ಎರಡು ವರ್ಷ ಹಿಡಿಯಿತು.

ಡಿಸೆಂಬರ್ ಬಂದರೆ ಇನ್ನೂ ಬಿಗಿ. ಕ್ರಿಸ್‌ಮಸ್ ರಜೆಯೂ ಆಗಲೇ, ಕಾಫಿ ಹಣ್ಣಿನ ಕುಯ್ಲೂ ಆಗಲೇ. ಕುಯ್ಲಿನಲ್ಲಿ ಕೆಜಿ ಲೆಕ್ಕದ ಕೂಲಿ. ಕೈ ಚುರುಕಿದ್ದವರು ಕೋಣೆ ಗುಡಿಸುವುದಕ್ಕಿಂತ ಜಾಸ್ತಿ ದುಡಿಯುತ್ತಾರೆ. ಕೆಲಸಕ್ಕೆ ಜನ ಸಿಗಲ್ಲ ಎಂದು ನಾವು ಮಾಲೀಕರು ಗೊಣಗುತ್ತೇವೆ. ಎರಡು ದಿನದ ಕೆಲಸ, ಎರಡು ದಿನದ ಸಂಬಳ ಕೊಟ್ಟು, ಮನೆಯವರೆಲ್ಲ ಸೇರುವ ದಿನವೇ ದುಡಿಸಿದರೆ ಜನ ಯಾಕೆ ನಿಲ್ಲುತ್ತಾರೆ?

ಬೆಟ್ಟದ ಕಥೆಯೂ ಇದೇ. 2024ರ ಜನವರಿ 26 ಶುಕ್ರವಾರ ಬಂದಿತ್ತು. ಮೂರು ದಿನದ ರಜೆ. ಕುಮಾರ ಪರ್ವತಕ್ಕೆ ಸಾವಿರಾರು ಜನ ಬಂದು ಸಾಲು ನಿಂತ ಚಿತ್ರ ನೀವೂ ಮೊಬೈಲಿನಲ್ಲಿ ನೋಡಿರುತ್ತೀರಿ. ಅದಾದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ನಮ್ಮ ಮುಳ್ಳಯ್ಯನಗಿರಿಗೂ 2025ರ ಸೆಪ್ಟೆಂಬರ್‌ನಿಂದ ದಿನಕ್ಕೆ 1,200 ವಾಹನಗಳ ಮಿತಿ ಬಂತು, ಬೆಳಗ್ಗೆ 600, ಮಧ್ಯಾಹ್ನ 600. ವ್ಯಾಪಾರಕ್ಕೆ ಕಲ್ಲು ಬಿತ್ತು ಎನ್ನುವವರು ಇದ್ದಾರೆ. ನಾನು ಮಿತಿ ಬೇಕು ಎನ್ನುವವಳು. ಅಲ್ಲಿನ ಹುಲ್ಲು ಸುಮ್ನೆ ಹುಲ್ಲಲ್ಲ. ಮಳೆ ನೀರನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಹಳ್ಳಕ್ಕೆ ಬಿಡುವುದು ಅದು ಮತ್ತು ಕಣಿವೆಯ ಶೋಲಾ ಕಾಡು. ವೇದಾವತಿ ಹುಟ್ಟುವುದು ಈ ಗಿರಿಸಾಲಿನಲ್ಲೇ. ಅದೇ ನೀರು ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತದೆ. ಜಾಗ ಸಿಗದೆ ಕಾರುಗಳು ಹುಲ್ಲಿನ ಮೇಲೆ ಹತ್ತಿದರೆ, ಬಯಲುಸೀಮೆಯ ರೈತನ ನೀರಿನ ಮೇಲೇ ಚಕ್ರ ಹತ್ತಿದ ಹಾಗೆ.

ಊಟಿ ಕಡೆ ಹೈಕೋರ್ಟ್ ಆದೇಶದ ಮೇಲೆ 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ವಾರದ ದಿನ 6,000 ವಾಹನ, ವಾರಾಂತ್ಯಕ್ಕೆ 8,000 ಎಂದು ಮಿತಿ ಹಾಕಿದ್ದರು. ಮಿತಿ ಹಾಕುವಾಗಲೂ ವಾರಾಂತ್ಯಕ್ಕೇ ರಿಯಾಯಿತಿ ಕೊಡಬೇಕಾಯಿತು, ನೋಡಿ. ಮಂಗಳವಾರ, ಬುಧವಾರ ಬರುವವರಿಗೆ ಪ್ರವೇಶ ಶುಲ್ಕ ಕಡಿಮೆ ಮಾಡಿದರೆ, ಕಂಪನಿಗಳು ವಾರದ ನಡುವೆ ರಜೆ ತೆಗೆದುಕೊಳ್ಳಲು ಬಿಟ್ಟರೆ, ಅದೇ ಜನ ಅದೇ ಬೆಟ್ಟಕ್ಕೆ ಹಗುರವಾಗಿ ಬಂದು ಹೋಗಬಹುದು.

ನಮ್ಮ ಕೈಯಲ್ಲಿ ಆಗುವಷ್ಟನ್ನು ಮಾಡಿದ್ದೇವೆ. ಶುಕ್ರವಾರ ಬಂದವರು ಭಾನುವಾರದವರೆಗೂ ಇರಬೇಕು, ವಾರಾಂತ್ಯದಲ್ಲಿ ಒಂದೇ ರಾತ್ರಿಗೆ ಕೋಣೆ ಕೊಡುವುದಿಲ್ಲ. ಬುಧವಾರದ ದರ ಇಳಿಸಿದೆವು. ನಿವೃತ್ತರಾದ ಗಂಡ-ಹೆಂಡತಿಯರು ಬರುತ್ತಾರೆ, ಮೂರು ನಾಲ್ಕು ದಿನ ಉಳಿಯುತ್ತಾರೆ. ಮೊದಲ ಆರು ತಿಂಗಳು ಆದಾಯ ಬಿತ್ತು, ಇನ್ನೂ ಪೂರ್ತಿ ಎದ್ದಿಲ್ಲ. ಆದರೆ ಈಗ ಶನಿವಾರ ಕೋಣೆ ಬದಲಿಸುವ ಕೆಲಸವೇ ಇಲ್ಲ. ಭಾನುವಾರದ ಬೆಡ್‌ಶೀಟುಗಳನ್ನು ಸೋಮವಾರ ಒಗೆಯುತ್ತಾರೆ. ಶನಿವಾರ ಸಂಜೆ ಮಗಳ ಬಸ್ಸು ಬರುವ ಹೊತ್ತಿಗೆ ಅಕ್ಕ ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತಿರುತ್ತಾರೆ.